ಸಿಟೌಟ್‌ನಲ್ಲಿ ಕೂರುವವರು ಯಾರು?

ನಿಮ್ಮ ಮನೆಯ ಮುಂಬಾಗಿಲಿನ ಹೊರಗೆ ಒಂದಿಷ್ಟು ಜಾಗ ಇದ್ದೇ ಇರುತ್ತದೆ. ಹಳೆಯ ಮನೆಯಾದರೆ ಅದನ್ನು ಜಗಲಿ ಎನ್ನುತ್ತೀರಿ. ಉತ್ತರ ಕರ್ನಾಟಕದವರಾದರೆ ಕಟ್ಟೆ ಎನ್ನುತ್ತೀರಿ. ಇತ್ತೀಚೆಗೆ ಕಟ್ಟಿಸಿದ ಮನೆಯಾದರೆ ಅದರ ಹೆಸರು ಸಿಟೌಟ್. ಈಗ ಒಂದು ಪ್ರಶ್ನೆ ಕೇಳುತ್ತೇನೆ. ಕಳೆದ ಒಂದು ವಾರದಲ್ಲಿ ನೀವು ಅಲ್ಲಿ ಹತ್ತು ನಿಮಿಷವಾದರೂ ಕುಳಿತದ್ದುಂಟೇ?

ಹೆಚ್ಚಿನವರ ಉತ್ತರ ಇಲ್ಲ ಎಂದೇ ಇರುತ್ತದೆ. ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಇದೆ. ಒದ್ದೆ ಕೊಡೆ ಇದೆ. ಎರಡು ಹೂಕುಂಡಗಳಿವೆ. ಯಾರೂ ಕೂರದ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಳೆಯ ಪತ್ರಿಕೆಗಳು ಬಿದ್ದಿವೆ. ಮುಂದೆ ಕಬ್ಬಿಣದ ಗ್ರಿಲ್, ಅದಕ್ಕೊಂದು ಬೀಗ. ಕೂರಲೆಂದೇ ಹಣ ಖರ್ಚು ಮಾಡಿ ಕಟ್ಟಿಸಿ, ಕೂರುವ ಜಾಗ ಎಂದೇ ಹೆಸರಿಟ್ಟು, ಕೊನೆಗೆ ಅಲ್ಲಿ ಕೂರುವವರೇ ಇಲ್ಲ!

ಇದೇನು ದೊಡ್ಡ ಸಂಗತಿ ಎಂದು ನಿಮಗೆ ಅನ್ನಿಸಬಹುದು. ಮನೆಯೊಳಗೆ ಸೋಫಾ ಇದೆ, ಫ್ಯಾನಿದೆ, ಟಿ.ವಿ. ಇದೆ, ಹೊರಗೇಕೆ ಕೂರಬೇಕು? ಆದರೆ ಆ ಪುಟ್ಟ ಜಾಗ ಖಾಲಿಯಾದಾಗ ಅದರೊಂದಿಗೆ ನಮ್ಮ ಬದುಕಿನಿಂದ ಏನೇನು ಖಾಲಿಯಾಯಿತು ಎಂಬುದನ್ನು ನಾವು ಲೆಕ್ಕ ಹಾಕಿಲ್ಲ. ಆ ಲೆಕ್ಕವನ್ನು ಹಾಕಿ ನೋಡೋಣ.

ಒಳಗೂ ಅಲ್ಲ, ಹೊರಗೂ ಅಲ್ಲ

ಕರಾವಳಿಯಲ್ಲಿ ಜಗಲಿ ಹುಟ್ಟಿದ್ದು ಮಳೆಯಿಂದ ಎನ್ನಬಹುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಕೆಂಪು ಕಲ್ಲಿನ ಗೋಡೆ ನೆನೆಯದಂತೆ ಮಾಡನ್ನು ಮುಂದಕ್ಕೆ ಚಾಚಬೇಕಿತ್ತು. 19ನೇ ಶತಮಾನದಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ನಿಧಾನವಾಗಿ ಮುಳಿಹುಲ್ಲಿನ ಮಾಡಿನ ಜಾಗಕ್ಕೆ ಹಂಚಿನ ಮಾಡು ಬಂತು. ಆ ಮಾಡಿನ ಕೆಳಗೆ ಮಳೆಯೂ ಬೀಳದ, ಬಿಸಿಲೂ ತಾಗದ ಜಾಗವೇ ಜಗಲಿ. ಅಂಚಿಗೆ ಒಂದು ಮೋಟುಗೋಡೆ ಕಟ್ಟಿದರೆ ಕೂರಲು ಆಸನವೂ ಆಯಿತು. ನೆಲಕ್ಕೆ ಕೆಂಪು ಕಾವಿ ಹಾಕಿ ಉಜ್ಜಿದರೆ ಬೇಸಿಗೆಯ ಮಧ್ಯಾಹ್ನದಲ್ಲೂ ತಣ್ಣಗೆ.

ಬಯಲುಸೀಮೆಯಲ್ಲಿ ಕಾರಣ ಬೇರೆ. ಅಲ್ಲಿ ಸೆಕೆ. ಹಗಲೆಲ್ಲಾ ಕಾದ ಮನೆಯಿಂದ ಸಂಜೆ ಹೊರಬಂದು ಬಾಗಿಲಿನ ಎರಡೂ ಬದಿಯ ಕಟ್ಟೆಯ ಮೇಲೆ ಕುಳಿತರೆ ಗಾಳಿ. ತಮಿಳುನಾಡಿನಲ್ಲಿ ಇದಕ್ಕೆ ತಿಣ್ಣೈ ಎನ್ನುತ್ತಾರೆ. ದಾರಿಹೋಕರು ಯಾರನ್ನೂ ಕೇಳದೆ ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. ಹೆಸರು ಯಾವುದಾದರೇನು, ಗುಣ ಒಂದೇ. ಅದು ಮನೆಯ ಒಳಗೂ ಅಲ್ಲ, ಬೀದಿಯೂ ಅಲ್ಲ.

ಇಲ್ಲೇ ಇರುವುದು ಅದರ ಬರ್ಕತ್. ಮನೆಯ ಒಳಗೆ ಬರಬೇಕಾದರೆ ಒಂದು ಕಾರಣ ಬೇಕು, ಆಮಂತ್ರಣ ಬೇಕು. ಬಂದವರಿಗೆ ಚಹಾ ಮಾಡಬೇಕು, ಹಾಲ್ ಗುಡಿಸಿಲ್ಲವಲ್ಲ ಎಂದು ಮನೆಯಾಕೆ ಸಂಕೋಚಪಡಬೇಕು. ಜಗಲಿಗೆ ಇದಾವುದೂ ಬೇಡ. ದಾರಿಯಲ್ಲಿ ಹೋಗುವ ಪಕ್ಕದ ಮನೆಯ ಅಕ್ಕ ಒಂದು ನಿಮಿಷ ನಿಂತಳು, ಮೋಟುಗೋಡೆಗೆ ಒರಗಿದಳು, ಮಗಳಿಗೆ ಜ್ವರ ಎಂದಳು, ಹೊರಟಳು. ಬಾಯಾರಿ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು. ಅಷ್ಟರಲ್ಲೇ ಒಂದು ಸಂಬಂಧ ಉಳಿಯಿತು. ಇಂತಹ ಒಂದು ನಿಮಿಷದ ಭೇಟಿಗಳಿಗೆ ಇಂದು ನಮ್ಮ ಮನೆಗಳಲ್ಲಿ ಸ್ಥಳವಿಲ್ಲ. ಕಾಲಿಂಗ್ ಬೆಲ್ ಒತ್ತಿ ಒಳಗೆ ಬಂದು ಸೋಫಾದಲ್ಲಿ ಕೂರುವಷ್ಟು ದೊಡ್ಡ ಕಾರಣ ಇದ್ದರೆ ಮಾತ್ರ ಭೇಟಿ.

ದುಡಿಮೆಯೂ ಅಲ್ಲೇ, ಪಾಠವೂ ಅಲ್ಲೇ

ಜಗಲಿಯೆಂದರೆ ಹರಟೆಯ ಜಾಗ ಎಂಬ ಮಾತಿದೆ. ಅದು ಅರ್ಧ ಸತ್ಯ ಮಾತ್ರ. ಜಗಲಿಯಲ್ಲಿ ಕೈಗಳಿಗೆ ಬಿಡುವೇ ಇರಲಿಲ್ಲ.

ದಕ್ಷಿಣ ಕನ್ನಡದ ಮನೆಗಳನ್ನೇ ನೋಡಿ. ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು ಕೂರುತ್ತಿದ್ದದ್ದು ಜಗಲಿಯಲ್ಲಿ. ಎಲೆ ಕತ್ತರಿಸಲು ಬೆಳಕು ಬೇಕು, ಹೊಗೆಸೊಪ್ಪಿನ ಘಾಟು ಹೊರಹೋಗಲು ಗಾಳಿ ಬೇಕು. ಮುಸ್ಲಿಮ್ ಮನೆಯ ಉಮ್ಮನೂ ಪಕ್ಕದ ಮನೆಯ ಅಕ್ಕನೂ ಒಂದೇ ಜಗಲಿಯಲ್ಲಿ ಕುಳಿತು ಕಟ್ಟುತ್ತಿದ್ದರು. ಒಬ್ಬರ ಎಲೆ ಮುಗಿದರೆ ಇನ್ನೊಬ್ಬರು ಕೊಡುತ್ತಿದ್ದರು. ಬ್ರಾಂಚಿಗೆ ಬೀಡಿ ಕೊಂಡೊಯ್ಯುವವರ ಕೈಯಲ್ಲಿ ಇನ್ನೆರಡು ಮನೆಯ ಬೀಡಿಯೂ ಹೋಗುತ್ತಿತ್ತು. ಆ ದುಡಿಮೆಯ ಕಷ್ಟ, ಸಿಗುತ್ತಿದ್ದ ಕಡಿಮೆ ಮಜೂರಿ, ಹೊಗೆಸೊಪ್ಪಿನ ಧೂಳಿನಿಂದ ಬಂದ ಕೆಮ್ಮು ಇವನ್ನು ಮರೆತು ಹಳೆಯ ಕಾಲವನ್ನು ಹೊಗಳಬೇಕಿಲ್ಲ. ಆದರೆ ಆ ಕಷ್ಟವನ್ನು ಅವರು ಒಬ್ಬೊಬ್ಬರೇ ಗೋಡೆಯ ನಡುವೆ ಕುಳಿತು ಅನುಭವಿಸಲಿಲ್ಲ ಎಂಬುದೂ ನಿಜ.

ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಸುಗ್ಗಿಯಲ್ಲಿ ಅಡಿಕೆ ಸುಲಿಯುವುದು, ಅಕ್ಕಿಯಿಂದ ಕಲ್ಲು ಹೆಕ್ಕುವುದು. ಉತ್ತರ ಕರ್ನಾಟಕದ ಕಡೆ ಹಳೆಯ ಸೀರೆಗಳನ್ನು ಒಟ್ಟುಗೂಡಿಸಿ ಕೌದಿ ಹೊಲಿಯುವುದು. ಇವೆಲ್ಲ ನಾಲ್ಕು ಕೈ ಕೂಡಿದರೆ ಬೇಗ ಮುಗಿಯುವ ಕೆಲಸಗಳು. ಮಗ್ರಿಬ್ ಆದ ಮೇಲೆ ಮಕ್ಕಳು ಚಾಪೆ ಹಾಸಿ ಮದ್ರಸದ ಪಾಠ ಓದುತ್ತಿದ್ದದ್ದೂ ಅಲ್ಲಿಯೇ. ಒಂದು ಮನೆಯ ಮಗು ತಪ್ಪು ಓದಿದರೆ ಎರಡನೇ ಮನೆಯ ದಾದಿ ಅಲ್ಲಿಂದಲೇ ತಿದ್ದುತ್ತಿದ್ದರು. ಹೊಸದಾಗಿ ಬಂದ ಸೊಸೆ ಬಸಳೆ ಸಾರಿನ ಹದ ಕಲಿತದ್ದು, ಮೊದಲ ಬಾಣಂತನದ ಭಯ ಹೇಳಿಕೊಂಡದ್ದು, ಯಾವ ಡಾಕ್ಟರ್ ಒಳ್ಳೆಯವರು ಎಂದು ತಿಳಿದುಕೊಂಡದ್ದು ಈ ಜಗಲಿ ಎಂಬ ಶಾಲೆಯಲ್ಲಿ.

ಎಲ್ಲರಿಗೂ ಜಾಗವಿತ್ತೇ?

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲ ಮನೆಗಳ ಜಗಲಿಯೂ ಹೆಂಗಸರಿಗೆ ತೆರೆದಿರಲಿಲ್ಲ. ಎಷ್ಟೋ ಮನೆಗಳಲ್ಲಿ ಮುಂದಿನ ಜಗಲಿ ಗಂಡಸರದ್ದು. ಯಜಮಾನರ ಈಸಿ ಚೇರು, ಬಂದು ಹೋಗುವವರ ಬೆಂಚು, ವ್ಯವಹಾರದ ಮಾತು. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಚಹಾದ ಲೋಟ ಚಾಚಬೇಕಿತ್ತು. ಅವರ ಪಾಲಿಗಿದ್ದದ್ದು ಹಿತ್ತಲ ಜಗಲಿ, ಬಾವಿಕಟ್ಟೆ, ಅಡುಗೆಮನೆಯ ಹಿಂದಿನ ಮೆಟ್ಟಿಲು. ಎರಡು ಮನೆಗಳ ನಡುವಿನ ಬೇಲಿಯಲ್ಲಿ ಒಬ್ಬರು ದಾಟುವಷ್ಟು ಸಂದು ಇರುತ್ತಿತ್ತು. ಆ ಸಂದಿನಲ್ಲಿ ಮೀನಿನ ಸಾರು ಹೋಗುತ್ತಿತ್ತು, ಹಲಸಿನ ತೊಳೆ ಬರುತ್ತಿತ್ತು.

ಈಗ ಏನಾಗಿದೆ ನೋಡಿ. ಬಾವಿಕಟ್ಟೆ ಹೋಯಿತು, ನಲ್ಲಿ ಬಂತು. ಬೇಲಿ ಹೋಯಿತು, ಕಂಪೌಂಡ್ ಬಂತು. ಗಂಡಸರಿಗೆ ಜಗಲಿ ಹೋದರೂ ಮಸೀದಿಯಿದೆ, ಪೇಟೆಯಿದೆ, ಬಸ್‌ಸ್ಟ್ಯಾಂಡಿನ ಹೋಟೆಲಿದೆ. ಹೆಣ್ಣುಮಕ್ಕಳಿಗೆ ಜಗಲಿಯ ಬದಲು ಸಿಕ್ಕಿದ್ದೇನು? ಗಂಡ ಗಲ್ಫ್‌ನಲ್ಲಿ, ಮಕ್ಕಳು ಶಾಲೆಯಲ್ಲಿ, ನಾಲ್ಕು ಕೋಣೆಯ ಮಾರ್ಬಲ್ ಹಾಕಿದ ಮನೆಯಲ್ಲಿ ಅತ್ತೆ ಒಂದು ಕೋಣೆಯಲ್ಲಿ, ಸೊಸೆ ಇನ್ನೊಂದು ಕೋಣೆಯಲ್ಲಿ, ಇಬ್ಬರ ಕೈಯಲ್ಲೂ ಒಂದೊಂದು ಮೊಬೈಲ್. ಇಂತಹ ಮನೆಗಳು ನಿಮ್ಮ ಊರಿನಲ್ಲಿ ಎಷ್ಟಿವೆ ಎಂದು ನೀವೇ ಎಣಿಸಿ ನೋಡಿ. ಜಗಲಿ ಖಾಲಿಯಾದ ನಷ್ಟದಲ್ಲಿ ದೊಡ್ಡ ಪಾಲು ಹೆಂಗಸರದ್ದೇ.

ಖಾಲಿಯಾದದ್ದು ಹೇಗೆ?

ಯಾರೂ ಬೇಕೆಂದೇ ಜಗಲಿಯನ್ನು ತೊರೆಯಲಿಲ್ಲ. ಒಂದೊಂದೇ ಕಾರಣ ಬಂದು ಸೇರಿತು. ಕಳ್ಳರ ಭಯಕ್ಕೆ ಗ್ರಿಲ್ ಹಾಕಿದೆವು. 1990ರ ದಶಕದಲ್ಲಿ ಕೇಬಲ್ ಟಿ.ವಿ. ಬಂದು ಸಂಜೆಯ ಹೊತ್ತು ಧಾರಾವಾಹಿಗಳ ಪಾಲಾಯಿತು. 2006ರ ಚಿಕುನ್‌ಗುನ್ಯಾ ಹಾವಳಿಯ ನಂತರ, ಸಂಜೆ ಹೊರಗೆ ಕೂರುವುದೆಂದರೆ ಸೊಳ್ಳೆಗೆ ರಕ್ತ ಕೊಡುವುದು ಎಂಬ ಅಂಜಿಕೆ ಬೆಳೆಯಿತು. ಹಳೆಯ ಆಸ್ತಿ ಪಾಲಾಗಿ ಐದು ಸೆಂಟ್ಸ್ ಜಾಗದಲ್ಲಿ ಮನೆ ಎದ್ದಾಗ ಒಳಗಿನ ಕೋಣೆ ದೊಡ್ಡದಾಗಲೆಂದು ಹೊರಗಿನ ಜಾಗ ಕಿರಿದಾಯಿತು. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನಲ್ಲಂತೂ ಬಾಗಿಲು ತೆರೆದರೆ ಗೇಟು, ಗೇಟು ತೆರೆದರೆ ರಸ್ತೆ. ಉಳಿದ ಜಾಗಕ್ಕೆ ವಾಹನ ಬಂತು. ಇಂಗ್ಲಿಷಿನಲ್ಲಿ ಪೋರ್ಚ್ ಎಂದರೆ ನಮ್ಮ ಜಗಲಿಯಂಥದ್ದೇ. ಆದರೆ ನಮ್ಮಲ್ಲಿ ಪೋರ್ಚ್ ಎಂದರೆ ಕಾರು ನಿಲ್ಲಿಸುವ ಸ್ಥಳ ಎಂದೇ ಅರ್ಥ! ಮನುಷ್ಯರ ಜಾಗದಲ್ಲಿ ಈಗ ಕಾರು ನೆರಳಿನಲ್ಲಿದೆ.

ಸೋಫಾ ಎಂಬ ಪದದ ಕಥೆ ಇದಕ್ಕಿಂತ ಕುತೂಹಲಕರ. ಅದು ಟರ್ಕಿ ಭಾಷೆಯ ಮೂಲಕ ಯುರೋಪಿಗೆ ಹೋದ ಅರಬಿ ಪದ. ಅದರ ಮೂಲ 'ಸುಫ್ಫಾ'. ಮದೀನಾದ ಮಸ್ಜಿದುನ್ನಬವಿಯಲ್ಲಿ ನೆರಳಿಗಾಗಿ ಮಾಡು ಹಾಕಿದ ಒಂದು ಭಾಗಕ್ಕೆ ಸುಫ್ಫಾ ಎಂಬ ಹೆಸರಿತ್ತು. ಮನೆ ಮಠವಿಲ್ಲದ ಬಡ ಸಹಾಬಿಗಳು ಅಲ್ಲಿ ತಂಗಿದ್ದರು, ಅಲ್ಲೇ ದೀನ್ ಕಲಿತರು. ಹ. ಅಬೂ ಹುರೈರಾ(ರ) ಅವರಲ್ಲೊಬ್ಬರು. ಮನೆಯಿಲ್ಲದವರನ್ನು ಒಟ್ಟು ಸೇರಿಸಿದ ನೆರಳಿನ ಹೆಸರು ಇಂದು ನಮ್ಮನ್ನು ಮನೆಯೊಳಗೆ ಕಟ್ಟಿ ಕೂರಿಸಿದ ಮೆತ್ತೆಯ ಹೆಸರಾಗಿದೆ.

ಕಳೆದುಕೊಂಡದ್ದೇನು?

ಮೊದಲು ಮಕ್ಕಳ ವಿಷಯ. ಏಳನೇ ತರಗತಿಯ ಮಕ್ಕಳಿಗೆ ನಾನು ಒಮ್ಮೆ ಹೇಳಿದೆ, ನಿಮ್ಮ ಮನೆಯ ಅಕ್ಕಪಕ್ಕದ ಮೂರು ಮನೆಗಳವರ ಹೆಸರು ಬರೆಯಿರಿ ಎಂದು. ಹಲವರು ಪೆನ್ನು ಕಚ್ಚುತ್ತಾ ಕುಳಿತರು. 'ಬಿಳಿ ಕಾರಿನವರು', 'ನಾಯಿ ಇರುವ ಮನೆಯವರು' ಎಂದು ಬರೆದವರೂ ಇದ್ದರು. ಪರಊರಿನ ಕ್ರಿಕೆಟ್ ಆಟಗಾರರ ಹೆಸರು ಕೇಳಿದ್ದರೆ ಹಾಳೆ ತುಂಬುತ್ತಿತ್ತು. ಈ ಮಕ್ಕಳದ್ದು ತಪ್ಪಲ್ಲ. ನೋಡದವರ ಹೆಸರು ಗೊತ್ತಾಗುವುದಾದರೂ ಹೇಗೆ?

ಎರಡನೆಯದು ವೃದ್ಧರ ವಿಷಯ. ಜಗಲಿಯಲ್ಲಿ ಕೂರುವ ಅಜ್ಜಿಗೆ ಊರೇ ಟಿ.ವಿ. ಯಾರು ಎಲ್ಲಿಗೆ ಹೊರಟರು, ಯಾರ ಮನೆಗೆ ನೆಂಟರು ಬಂದರು ಎಂಬುದನ್ನೆಲ್ಲ ಅವರು ನೋಡುತ್ತಿದ್ದರು. ಅವರನ್ನೂ ಊರು ನೋಡುತ್ತಿತ್ತು. ಒಂದು ದಿನ ಅಜ್ಜಿ ಜಗಲಿಗೆ ಬರದಿದ್ದರೆ 'ಏನು, ಹುಷಾರಿಲ್ಲವೇ?' ಎಂದು ನಾಲ್ಕು ಮಂದಿ ಕೇಳುತ್ತಿದ್ದರು. ಇದು ಎಷ್ಟು ದೊಡ್ಡ ರಕ್ಷಣೆ ಎಂಬುದು ದೂರದ ಅಮೇರಿಕದ ಒಂದು ದುರಂತದಿಂದ ತಿಳಿಯುತ್ತದೆ.

1995ರ ಜುಲೈ ತಿಂಗಳಲ್ಲಿ ಶಿಕಾಗೋ ನಗರದಲ್ಲಿ ಭೀಕರ ಸೆಕೆ ಬಂತು. ಕೆಲವೇ ದಿನಗಳಲ್ಲಿ ಏಳುನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹಳ ಮಂದಿ ಒಂಟಿಯಾಗಿ ಬದುಕುತ್ತಿದ್ದ ವೃದ್ಧರು. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಇದರ ಬಗ್ಗೆ ಅಧ್ಯಯನ ನಡೆಸಿ 2002ರಲ್ಲಿ ಪುಸ್ತಕ ಬರೆದರು. ಅವರು ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದರು. ಎರಡರಲ್ಲೂ ಬಡತನವಿತ್ತು, ಒಂಟಿ ವೃದ್ಧರೂ ಇದ್ದರು. ಆದರೆ ಒಂದರಲ್ಲಿ ಸಾವಿನ ಪ್ರಮಾಣ ಇನ್ನೊಂದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಾಗಿತ್ತು. ಕಡಿಮೆ ಮಂದಿ ಸತ್ತ ಬಡಾವಣೆಯ ಬೀದಿಗಳಲ್ಲಿ ಅಂಗಡಿಗಳಿದ್ದವು, ಜನರ ಓಡಾಟವಿತ್ತು, ವೃದ್ಧರು ಹೆದರಿಕೆಯಿಲ್ಲದೆ ಹೊರಗೆ ಬರುತ್ತಿದ್ದರು. ಇನ್ನೊಂದರಲ್ಲಿ ಮನೆಗಳು ಪಾಳುಬಿದ್ದು ಬೀದಿಗಳು ಖಾಲಿಯಾಗಿದ್ದವು. ಅಲ್ಲಿನ ವೃದ್ಧರು ಅಪರಿಚಿತರ ಭಯದಿಂದ ಬಾಗಿಲು ಕಿಟಕಿ ಭದ್ರಪಡಿಸಿ ಒಳಗೇ ಉಳಿದರು, ಒಳಗೇ ಕೊನೆಯುಸಿರೆಳೆದರು. ಅವರನ್ನು ಸುರಕ್ಷಿತವಾಗಿಡಬೇಕಿದ್ದ ಬೀಗವೇ ಅವರಿಗೆ ಮುಳುವಾಯಿತು.

ಜೇನ್ ಜೇಕಬ್ಸ್ ಎಂಬ ಮಹಿಳೆ 1961ರಲ್ಲೇ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಿದ್ದರು. ಬೀದಿಯನ್ನು ಸುರಕ್ಷಿತವಾಗಿಡುವುದು ಪೊಲೀಸರಿಗಿಂತ ಹೆಚ್ಚಾಗಿ ಬೀದಿಯ ಮೇಲಿರುವ ಜನರ ಕಣ್ಣು ಎಂಬುದು ಅವರ ವಾದ. ನಮ್ಮ ಅಜ್ಜಿಯರು ಆ ಪುಸ್ತಕ ಓದಿರಲಿಲ್ಲ. ಆದರೆ ಶಾಲೆ ಬಿಟ್ಟು ಬರುವ ಹುಡುಗಿಯನ್ನು ಯಾರಾದರೂ ಹಿಂಬಾಲಿಸಿದರೆ ಜಗಲಿಯಿಂದಲೇ 'ಯಾರಪ್ಪಾ ನೀನು?' ಎಂದು ಕೇಳುವ ಧೈರ್ಯ ಅವರಿಗಿತ್ತು. ಗ್ರಿಲ್ ಮತ್ತು ಸಿಸಿ ಕ್ಯಾಮೆರಾ ಮನೆಯನ್ನು ಕಾಯಬಹುದು. ಬೀದಿಯಲ್ಲಿ ನಡೆಯುವ ಮಗಳನ್ನು ಕಾಯುವುದಕ್ಕೆ ಜಗಲಿಯಲ್ಲಿ ಮನುಷ್ಯರಿರಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ ಆರು ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಇದನ್ನು ಆ ಸಂಸ್ಥೆ ಆರೋಗ್ಯದ ಪ್ರಶ್ನೆಯಾಗಿಯೇ ನೋಡುತ್ತಿದೆ. ಹೃದಯದ ಕಾಯಿಲೆ, ಖಿನ್ನತೆ, ಮರೆವು ಇವುಗಳಿಗೂ ಒಂಟಿತನಕ್ಕೂ ನಂಟಿದೆ. ಬಿ.ಪಿ. ಮಾತ್ರೆ ತರುವ ನಾವು ಅತ್ತೆಯನ್ನು ಜಗಲಿಯಲ್ಲಿ ಕೂರಿಸಿ ನಾಲ್ಕು ಮಂದಿಯ ಮುಖ ತೋರಿಸುವುದನ್ನೂ ಮದ್ದೆಂದೇ ತಿಳಿಯಬೇಕು.

ಮೂರನೆಯ ನಷ್ಟ ಇವೆರಡಕ್ಕಿಂತ ಆಳವಾದುದು. ಊರಿನಲ್ಲಿ ಒಂದು ಗಾಳಿಸುದ್ದಿ ಹುಟ್ಟುತ್ತದೆ ಎಂದಿಟ್ಟುಕೊಳ್ಳಿ. 'ಅವರು' ಹೀಗಂತೆ, 'ಇವರು' ಹಾಗಂತೆ ಎಂದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಪಕ್ಕದ ಮನೆಯವರ ಮುಖವನ್ನು ದಿನವೂ ನೋಡುತ್ತಿದ್ದರೆ, ಅವರ ಮಗಳ ಪರೀಕ್ಷೆಯ ಚಿಂತೆಯೂ ಮಗನ ಕೆಲಸದ ಚಿಂತೆಯೂ ನಿಮಗೆ ತಿಳಿದಿದ್ದರೆ, ಆ ಸುದ್ದಿಯನ್ನು ನಂಬುವ ಮೊದಲು ಒಂದು ಮಾತು ಕೇಳುತ್ತೀರಿ. ನಿಮ್ಮ ಬಗ್ಗೆ ಬಂದ ಸುದ್ದಿಯನ್ನು ಅವರೂ ಹಾಗೆಯೇ ನಿಮ್ಮಲ್ಲಿ ಕೇಳುತ್ತಾರೆ. ಮುಖಪರಿಚಯವೇ ಇಲ್ಲದಿದ್ದರೆ 'ಅವರು' ಎಂಬುದೊಂದೇ ಪರಿಚಯ. ಹಿಂದೂ, ಮುಸ್ಲಿಮ್, ಕ್ರೈಸ್ತ ಮನೆಗಳು ಒಂದೇ ಓಣಿಯಲ್ಲಿರುವ ನಮ್ಮ ಊರುಗಳಲ್ಲಿ ಇದರ ಬೆಲೆ ಏನೆಂದು ನಿಮಗೆ ವಿವರಿಸಿ ಹೇಳಬೇಕಿಲ್ಲ. ಶಾಂತಿ ಸಭೆಗಳು ಗಲಭೆಯ ನಂತರ ನಡೆಯುತ್ತವೆ. ಜಗಲಿಯ ಮಾತು ಗಲಭೆಯ ಮೊದಲೇ ನಡೆಯುತ್ತಿತ್ತು.

ಜಗಲಿಯ ಹಕ್ಕು

ಹಾಗಾದರೆ ಜಗಲಿಯಲ್ಲಿ ಕುಳಿತು ಗೀಬತ್ ಮಾಡುವುದು ಒಳ್ಳೆಯದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ. ಯಾರ ಮನೆಯ ಸೊಸೆ ತವರಿಗೆ ಹೋದಳು, ಏಕೆ ಹೋದಳು, ಎಷ್ಟು ದಿನವಾಯಿತು ಎಂಬ ಲೆಕ್ಕವೂ ಜಗಲಿಯಲ್ಲೇ ನಡೆಯುತ್ತಿತ್ತು. ಎಷ್ಟೋ ಹೆಣ್ಣುಮಕ್ಕಳ ಸಂಬಂಧ ಮುರಿದದ್ದು ಜಗಲಿಯ ಒಂದು ಮಾತಿನಿಂದ.

ಇದಕ್ಕೆ ಉತ್ತರ ಹದೀಸಿನಲ್ಲಿಯೇ ಇದೆ. ಹ. ಅಬೂ ತಲ್ಹಾ(ರ) ಮತ್ತು ಕೆಲವು ಸಂಗಾತಿಗಳು ಮನೆಯೆದುರಿನ ಜಾಗದಲ್ಲಿ ಕುಳಿತು ಮಾತನಾಡುತ್ತಿದ್ದರು. ಇಲ್ಲಿ ಬಂದಿರುವ ಅರಬಿ ಪದ 'ಅಫ್ನಿಯಾ'. ಮನೆಗೆ ತಾಗಿ ಮುಂದೆ ಇರುವ ಅಂಗಳ ಎಂದು ಅದರ ಅರ್ಥ. ಪ್ರವಾದಿ(ಸ)ರವರು ಅಲ್ಲಿಗೆ ಬಂದು, ದಾರಿಯ ಬದಿ ಹೀಗೆ ಕೂರುವುದನ್ನು ಬಿಡಿ ಎಂದರು. ನಾವು ಯಾವ ಕೆಡುಕಿಗಾಗಿಯೂ ಕುಳಿತಿಲ್ಲ, ಮಾತುಕತೆಗಾಗಿ ಕುಳಿತಿದ್ದೇವೆ ಎಂದು ಅವರು ಅರಿಕೆ ಮಾಡಿಕೊಂಡರು. ಆಗ ಪ್ರವಾದಿ(ಸ)ರವರು ಅವರನ್ನು ಎಬ್ಬಿಸಿ ಕಳುಹಿಸಲಿಲ್ಲ. ಕೂರಲೇಬೇಕಿದ್ದರೆ ಅದರ ಹಕ್ಕನ್ನು ಸಲ್ಲಿಸಿ ಎಂದರು. ದೃಷ್ಟಿ ತಗ್ಗಿಸುವುದು, ಸಲಾಮಿಗೆ ಉತ್ತರಿಸುವುದು, ಒಳ್ಳೆಯ ಮಾತನಾಡುವುದು ಆ ಹಕ್ಕುಗಳು. ಸಹೀಹ್ ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ. ಇದೇ ವಿಷಯದ ಇನ್ನೊಂದು ವರದಿಯಲ್ಲಿ ದಾರಿಹೋಕರಿಗೆ ತೊಂದರೆ ಕೊಡದಿರುವುದು, ಒಳಿತನ್ನು ಆದೇಶಿಸಿ ಕೆಡುಕಿನಿಂದ ತಡೆಯುವುದೂ ಸೇರಿದೆ.

ಎಷ್ಟು ಸಮತೋಲನದ ಬೋಧನೆ ನೋಡಿ! ಕೂರುವುದಕ್ಕೆ ಬಾಗಿಲು ಮುಚ್ಚಲಿಲ್ಲ, ಕುಳಿತವರ ನಾಲಗೆಗೂ ಕಣ್ಣಿಗೂ ಜವಾಬ್ದಾರಿ ಹೊರಿಸಲಾಯಿತು. ಈ ಹಕ್ಕುಗಳನ್ನು ಬರೆದು ಸಿಟೌಟಿನ ಗೋಡೆಗೆ ಅಂಟಿಸಬೇಕೆಂದಿಲ್ಲ. ಮಾತು ಇಲ್ಲದವರ ಮನೆಯ ಕಡೆ ತಿರುಗಿದಾಗ 'ಅದು ಬಿಡಿ, ನಿಮ್ಮ ಮೊಣಕಾಲು ನೋವು ಹೇಗಿದೆ?' ಎಂದು ಕೇಳುವ ಒಬ್ಬಳು ಅಲ್ಲಿದ್ದರೆ ಸಾಕು. ಆ ಒಬ್ಬಳು ನೀವಾಗಿ.

ಇನ್ನು ನೆರೆಯವರ ಹಕ್ಕಿನ ಬಗ್ಗೆ ಹೇಳಬೇಕಾದುದೇ ಇಲ್ಲ. ಅನ್ನಿಸಾ ಅಧ್ಯಾಯದ 36ನೇ ಸೂಕ್ತದಲ್ಲಿ ತಂದೆತಾಯಿ, ಬಂಧುಗಳು, ಅನಾಥರ ಸಾಲಿನಲ್ಲೇ ಹತ್ತಿರದ ನೆರೆಯವರನ್ನೂ ಅಪರಿಚಿತ ನೆರೆಯವರನ್ನೂ ಹೆಸರಿಸಲಾಗಿದೆ. ಸಾರು ಮಾಡುವಾಗ ಒಂದಿಷ್ಟು ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕೆಂದು ಪ್ರವಾದಿ(ಸ)ರವರು ಹ. ಅಬೂ ಝರ್(ರ)ರಿಗೆ ಉಪದೇಶಿಸಿದ್ದರು. ಹ. ಅಬ್ದುಲ್ಲಾ ಬಿನ್ ಅಮ್ರ್(ರ)ರವರ ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ವಿಚಾರಿಸಿದ್ದು, ನಮ್ಮ ಯಹೂದಿ ನೆರೆಯವರಿಗೆ ಕೊಟ್ಟಿರಾ ಎಂದು. ಹನಫೀ ಫಿಕ್ಹ್‌ನಲ್ಲಿ ಮನೆ ಮಾರುವಾಗ ಕೊಳ್ಳುವ ಮೊದಲ ಹಕ್ಕು ನೆರೆಯವರಿಗೂ ಇದೆ. ಅದಕ್ಕೆ ಶುಫ್‌ಅ ಎನ್ನುತ್ತಾರೆ. ಇಷ್ಟೊಂದು ಹಕ್ಕಿರುವ ನೆರೆಯವರ ಹೆಸರೇ ನಮಗೆ ತಿಳಿಯದಿದ್ದರೆ ಆ ಹಕ್ಕನ್ನು ಸಲ್ಲಿಸುವುದು ಹೇಗೆ?

ಮರೆಯೂ ಬೇಕು, ಗಾಳಿಯೂ ಬೇಕು

ನಮ್ಮ ಹೆಣ್ಣುಮಕ್ಕಳು ದಾರಿಗೆ ಕಾಣುವಂತೆ ಕೂರುವುದು ಹೇಗೆ ಎಂಬ ಸಂಕೋಚ ಹಲವು ಮನೆಗಳಲ್ಲಿದೆ. ಇದಕ್ಕೆ ಜಗತ್ತಿನ ಮುಸ್ಲಿಮ್ ಊರುಗಳು ಬಹಳ ಹಿಂದೆಯೇ ದಾರಿ ಕಂಡುಕೊಂಡಿವೆ. ಉಮ್ರಾಕ್ಕೆ ಹೋದವರಲ್ಲಿ ಕೆಲವರಾದರೂ ಜಿದ್ದಾದ ಹಳೆಯ ಪೇಟೆ ಅಲ್‌ಬಲದ್ ನೋಡಿರಬಹುದು. ಅಲ್ಲಿನ ಹಳೆಯ ಮನೆಗಳ ಗೋಡೆಯಿಂದ ಮರದ ಜಾಲರಿಯ ದೊಡ್ಡ ಕಿಟಕಿಗಳು ಹೊರಚಾಚಿಕೊಂಡಿವೆ. ಅವನ್ನು ರೋಶನ್ ಎನ್ನುತ್ತಾರೆ. ಒಳಗೆ ಕುಳಿತವರಿಗೆ ಗಾಳಿಯೂ ಬರುತ್ತದೆ, ಬೀದಿಯೂ ಕಾಣುತ್ತದೆ, ಬೀದಿಯವರಿಗೆ ಒಳಗಿನವರು ಕಾಣುವುದಿಲ್ಲ.

ಪೂರ್ವ ಆಫ್ರಿಕದ ಕರಾವಳಿಯಲ್ಲಿ, ಕೀನ್ಯಾದ ಲಾಮು ಮತ್ತು ಝಾಂಝಿಬಾರಿನ ಹಳೆಯ ಪೇಟೆಗಳಲ್ಲಿ ಮನೆಗಳ ಮುಂದೆ ಗೋಡೆಗೆ ತಾಗಿ ಕಲ್ಲಿನ ಕಟ್ಟೆಗಳಿವೆ. ಅವುಗಳ ಹೆಸರು ಬರಾಝಾ. ಹೊರಗಿನವರನ್ನು ಬರಾಝಾದಲ್ಲೇ ಕೂರಿಸಿ ಉಪಚರಿಸುವುದರಿಂದ ಮನೆಯ ಹೆಂಗಸರಿಗೆ ಒಳಗೆ ನೆಮ್ಮದಿ. ಸಂಜೆ ಅಲ್ಲಿ ಕಾಫಿ ಕುಡಿಯುತ್ತಾರೆ, ಆಟವಾಡುತ್ತಾರೆ, ಊರಿನ ಸಂಗತಿ ಮಾತನಾಡುತ್ತಾರೆ. ಜೋರು ಮಳೆಗೆ ಓಣಿಯಲ್ಲಿ ನೀರು ತುಂಬಿದರೆ ಅದೇ ಕಟ್ಟೆಯ ಮೇಲೆ ನಡೆದು ಹೋಗುತ್ತಾರೆ. ಈ ಕಟ್ಟೆಯ ಮಾತು ಎಷ್ಟು ಬೆಳೆಯಿತೆಂದರೆ ಸ್ವಾಹಿಲಿ ಭಾಷೆಯಲ್ಲಿ ಬರಾಝಾ ಎಂದರೆ ಸಭೆ ಎಂಬ ಅರ್ಥವೂ ಬಂತು. ಝಾಂಝಿಬಾರಿನ ಶಾಸನಸಭೆಯ ಹೆಸರಿನಲ್ಲಿಯೇ ಈ ಪದವಿದೆ. ಮನೆಯ ಜಗಲಿಯಿಂದಲೇ ಊರಿನ ಸಭೆ ಹುಟ್ಟಿತು ಎಂದಾಯಿತಲ್ಲವೇ?

ನಮ್ಮಲ್ಲೂ ಬಿದಿರಿನ ತಟ್ಟಿ ಇದೆ, ಮರದ ಜಾಲರಿ ಇದೆ, ಮಲ್ಲಿಗೆಯ ಬಳ್ಳಿ ಇದೆ. ಮೂರು ಅಡಿಯ ಮೋಟುಗೋಡೆಯ ಮೇಲೆ ಅರ್ಧ ಭಾಗಕ್ಕೆ ತಟ್ಟಿ ಇಳಿಬಿಟ್ಟರೆ ಕುಳಿತವರಿಗೆ ಮರೆ ಸಿಗುತ್ತದೆ. ಎಂಟು ಅಡಿ ಕಂಪೌಂಡಿನ ಅಗತ್ಯ ಬೀಳುವುದಿಲ್ಲ. ಹೊತ್ತನ್ನೂ ಹಂಚಿಕೊಳ್ಳಬಹುದು. ಅಸರ್‌ನಿಂದ ಮಗ್ರಿಬ್‌ವರೆಗೆ ಹೆಂಗಸರು ಮತ್ತು ಮಕ್ಕಳು, ಇಶಾದ ನಂತರ ಗಂಡಸರು ಎಂದು ಮನೆಯಲ್ಲಿ ಮಾತಾದರೆ ಯಾರಿಗೂ ಇರಿಸುಮುರಿಸಿಲ್ಲ. ಈ ಮಾತನ್ನು ಸಹೋದರಿಯರು ಮಾತ್ರವಲ್ಲ, ಈ ಪುಟ ಓದುವ ಸಹೋದರರೂ ಕಿವಿಗೆ ಹಾಕಿಕೊಳ್ಳಲಿ. ಮನೆಯ ಅತ್ಯುತ್ತಮ ಗಾಳಿ ಬರುವ ಜಾಗದಲ್ಲಿ ಮನೆಯಾಕೆಗೂ ಪಾಲಿದೆ.

ನಾವೇನು ಮಾಡಬಹುದು?

ಹೊಸ ಮನೆ ಕಟ್ಟಿಸುವವರಿದ್ದರೆ ನಕ್ಷೆ ಹಾಕುವಾಗಲೇ ಎಚ್ಚರ ವಹಿಸಿ. ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿ ಮತ್ತು ಅವರ ಸಂಗಡಿಗರು 1977ರಲ್ಲಿ ಬರೆದ ಗ್ರಂಥವೊಂದರಲ್ಲಿ ಒಂದು ಸರಳ ಸತ್ಯವಿದೆ. ಆರು ಅಡಿಗಿಂತ ಕಡಿಮೆ ಅಗಲದ ಬಾಲ್ಕನಿ ಮತ್ತು ಜಗಲಿಗಳನ್ನು ಜನ ಬಳಸುವುದೇ ಅಪರೂಪ ಎಂಬುದು ಅವರು ಕಂಡುಕೊಂಡ ಸಂಗತಿ. ಕಾರಣ ಸುಲಭ. ಇಬ್ಬರು ಎದುರುಬದುರಾಗಿ ಕುಳಿತು ನಡುವೆ ಒಂದು ಚಹಾದ ಟ್ರೇ ಇಡಲು ಅಷ್ಟು ಜಾಗ ಬೇಕು. ನಮ್ಮ ಅನೇಕ ಸಿಟೌಟ್‌ಗಳು ನಾಲ್ಕು ಅಡಿಯವು. ಹಾಲ್‌ನಿಂದ ಎರಡು ಅಡಿ ಕಡಿಮೆ ಮಾಡಿ ಹೊರಗೆ ಕೊಡಿ. ಕುರ್ಚಿಗಿಂತ ಒಂದೂವರೆ ಅಡಿ ಎತ್ತರದ ಕಟ್ಟೆ ಮೇಲು. ಅದನ್ನು ಯಾರೂ ಒಳಗೆ ಎತ್ತಿಡುವುದಿಲ್ಲ, ಬಂದವರು ಕೇಳದೆಯೇ ಕೂರುತ್ತಾರೆ.

ಈಗಾಗಲೇ ಮನೆ ಇರುವವರು ಚಪ್ಪಲಿ ಸ್ಟ್ಯಾಂಡನ್ನು ಬದಿಗೆ ಸರಿಸುವುದರಿಂದ ಆರಂಭಿಸಿ. ಒಂದು ಚಾಪೆ ಹಾಸಿ. ಹೂಕುಂಡದ ತಟ್ಟೆಯಲ್ಲಿ, ಹಳೆಯ ಟಯರಿನಲ್ಲಿ ನಿಂತ ನೀರು ಚೆಲ್ಲಿದರೆ ಸೊಳ್ಳೆಯ ಅರ್ಧ ಕಾಟ ತಪ್ಪುತ್ತದೆ. ಒಂದು ಫ್ಯಾನ್ ಹಾಕಿದರೆ ಇನ್ನೂ ಒಳ್ಳೆಯದು. ರಾತ್ರಿಗೆ ಗ್ರಿಲ್ ಬೀಗ ಇರಲಿ, ಸಂಜೆಗಾದರೂ ತೆರೆಯಿರಿ. ಸೊಪ್ಪು ಬಿಡಿಸುವ, ಬೆಳ್ಳುಳ್ಳಿ ಸುಲಿಯುವ ಕೆಲಸವನ್ನು ಅಡುಗೆಮನೆಯಿಂದ ಅಲ್ಲಿಗೆ ತನ್ನಿ. ಮಕ್ಕಳ ಹೋಂವರ್ಕ್ ಅಲ್ಲೇ ನಡೆಯಲಿ. ಅತ್ತೆಯ ಕುರ್ಚಿಯನ್ನು ಕೋಣೆಯಿಂದ ಹೊರತಂದು ದಾರಿ ಕಾಣುವಂತೆ ಇಡಿ. ಆ ಇಪ್ಪತ್ತು ನಿಮಿಷ ಮೊಬೈಲ್ ಒಳಗೇ ಇರಲಿ. ಅದು ಕೈಯಲ್ಲಿದ್ದರೆ ಜಗಲಿಯಲ್ಲಿ ಕುಳಿತರೂ ನೀವು ಅಲ್ಲಿಲ್ಲ.

ಫ್ಲ್ಯಾಟಿನಲ್ಲಿರುವವರಿಗೆ ಜಗಲಿಯಿಲ್ಲ ನಿಜ. ಆದರೆ ಕಾರಿಡಾರ್ ಇದೆ, ಟೆರೇಸ್ ಇದೆ, ಕೆಳಗೆ ವಾಚ್‌ಮನ್ ಕೂರುವ ಬದಿಯಲ್ಲಿ ಒಂದಿಷ್ಟು ನೆರಳಿದೆ. ಅಲ್ಲೊಂದು ಬೆಂಚು ಹಾಕಲು ಅಸೋಸಿಯೇಷನ್ ಸಭೆಯಲ್ಲಿ ಕೇಳಿ. ದಾರಿಗೆ ಅಡ್ಡವಾಗದಂತೆ ಹಾಕಿದರೆ ಯಾರ ಆಕ್ಷೇಪವೂ ಇರದು. ವಾರಕ್ಕೊಂದು ಸಂಜೆ ಬಾಗಿಲು ತೆರೆದಿಟ್ಟು ಮಕ್ಕಳನ್ನು ಕಾರಿಡಾರಿನಲ್ಲಿ ಆಡಲು ಬಿಟ್ಟರೆ, ಮಕ್ಕಳೇ ತಾಯಂದಿರನ್ನು ಹೊರಗೆ ಕರೆತರುತ್ತಾರೆ.

ಮೊದಲ ಮಾತು ಆರಂಭಿಸುವುದು ಕಷ್ಟ ಎನ್ನುವವರಿಗೆ ಒಂದು ತಟ್ಟೆ ಸಾಕು. ರಮಝಾನಿನಲ್ಲಿ ಸಮೋಸ, ಹಬ್ಬಕ್ಕೆ ಶೀರ್‌ಖುರ್ಮಾ, ಯಾವುದೂ ಇಲ್ಲದಿದ್ದರೆ ತೋಟದ ನಾಲ್ಕು ನುಗ್ಗೆಕಾಯಿ. ಪಕ್ಕದವರು ಸಸ್ಯಾಹಾರಿಗಳಾದರೆ ಅವರಿಗೆ ಸರಿಯಾದುದನ್ನು ಕೊಡಿ. ತಟ್ಟೆ ಖಾಲಿ ಮರಳುವುದು ನಮ್ಮ ಊರಿನ ಪದ್ಧತಿಯಲ್ಲ. ಅದು ದೀಪಾವಳಿಯ ಹೋಳಿಗೆಯನ್ನೋ ಕ್ರಿಸ್‌ಮಸ್‌ನ ಕೇಕನ್ನೋ ಹೊತ್ತು ಬರುತ್ತದೆ. ಆ ತಟ್ಟೆ ಎರಡು ಸಲ ಓಡಾಡಿದ ಮೇಲೆ ಯಾರೂ 'ಬಿಳಿ ಕಾರಿನವರು' ಆಗಿ ಉಳಿಯುವುದಿಲ್ಲ.

ಜಗಲಿಯೊಂದರಿಂದಲೇ ಎಲ್ಲವೂ ಸರಿಯಾಗುತ್ತದೆ ಎಂದು ಯಾರೂ ಹೇಳಲಾರರು. ಕೆಲವು ನೆರೆಯವರು ಮುಖ ತಿರುಗಿಸಬಹುದು, ಕೆಲವರು ಸಲಾಮಿಗೆ ಉತ್ತರಿಸದೆಯೂ ಹೋಗಬಹುದು. ಆದರೂ ಕೂರುವುದು ನಮ್ಮ ಕೈಯಲ್ಲಿದೆ. ಮಳೆಗಾಲ ಬಂದಾಗ ನಿಮ್ಮ ಗೇಟಿನೆದುರು ಕೊಡೆಯಿಲ್ಲದೆ ನಿಂತ ಹೆಣ್ಣುಮಗಳಿಗೆ 'ಬಾಮ್ಮಾ, ಮಳೆ ನಿಲ್ಲುವವರೆಗೆ ಇಲ್ಲೇ ಕೂತುಕೋ' ಎಂದು ಹೇಳಲು ಒಂದು ಜಗಲಿ ಬೇಕು, ಅಲ್ಲಿ ಒಬ್ಬರು ಇರಬೇಕು. ಇಂದು ಅಸರ್ ನಮಾಝ್ ಮುಗಿಸಿ ನಿಮ್ಮ ಸಿಟೌಟಿನ ಗ್ರಿಲ್ ತೆರೆಯಿರಿ. ನೆರೆಯವರ ಹಕ್ಕನ್ನು ಅರಿತು ನಡೆಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.